ಐನ್‌ಮನೆಯೋ ಬಂಗಲೆಯೋ? ಕೊಡಗಿನಲ್ಲಿ ಎರಡೂ ಕಡೆ ಉಳಿದು ನೋಡಿದೆ

ಜುಲೈ ಮಳೆಯಲ್ಲಿ ಅಮ್ಮನನ್ನು ಕರೆದುಕೊಂಡು ಕೊಡಗಿಗೆ ಹೋಗಿದ್ದೆ. ಎರಡು ರಾತ್ರಿ ಕಕ್ಕಬ್ಬೆ ಕಡೆ ಕೊಡವ ಮನೆತನವೊಂದರ ಹಿರಿಯರ ಕಾಲದ ಮನೆ, ಅಂದರೆ ಐನ್‌ಮನೆ, ಎರಡು ರಾತ್ರಿ ಪಾಲಿಬೆಟ್ಟದ ಹತ್ತಿರ ಬ್ರಿಟಿಷರ ಕಾಲದ ಎಸ್ಟೇಟ್ ಬಂಗಲೆ. ಎರಡರಲ್ಲೂ ಬಾಡಿಗೆಯಲ್ಲೇ ತಿಂಡಿ ಸೇರಿತ್ತು. ಬಂಗಲೆಯ ಒಂದು ರಾತ್ರಿಯ ದುಡ್ಡಿಗೆ ಐನ್‌ಮನೆಯಲ್ಲಿ ಎರಡು ರಾತ್ರಿ ಇರಬಹುದು.

ನಿದ್ದೆಗೆ ಬಂಗಲೆಯೇ ಮೇಲು. ದಪ್ಪ ರಗ್ಗು, ರೂಮಿನೊಳಗೇ ಬಾತ್‌ರೂಮು, ಕರೆಂಟು ಹೋದರೆ ಜನರೇಟರ್. ಐನ್‌ಮನೆಯಲ್ಲಿ ನಮಗೆ ಸಿಕ್ಕಿದ್ದು ಪಕ್ಕದಲ್ಲಿ ಆಮೇಲೆ ಕಟ್ಟಿದ ರೂಮು, ಬಚ್ಚಲಿಗೆ ಅಂಗಳ ದಾಟಬೇಕು, ಆ ಎತ್ತರದ ಮೆಟ್ಟಿಲು ಅಮ್ಮನ ಮಂಡಿಗೆ ಆಗಿಬರಲಿಲ್ಲ. ಆದರೆ ಹಂಡೆಯಲ್ಲಿ ಸೌದೆ ಉರಿಯಲ್ಲಿ ಕಾದ ನೀರು! ಬಂಗಲೆಯ ಗೀಸರ್ ಎರಡನೇ ಬಕೆಟ್‌ಗೇ ಕೈಕೊಟ್ಟಿತ್ತು.

ಇನ್ನು ತಿಂಡಿ. ಬಂಗಲೆಯಲ್ಲಿ ಎಂಟೂವರೆಗೆ ಟೋಸ್ಟು, ಆಮ್ಲೆಟ್ಟು. ಕಿಟಕಿಯಿಂದ ಕೈ ಚಾಚಿದರೆ ಕಾಫಿ ಗಿಡ, ಕಪ್ಪಿನಲ್ಲಿ ಮಾತ್ರ ಇನ್‌ಸ್ಟಂಟ್ ಕಾಫಿ. ಇದನ್ನು ಯಾರ ಹತ್ತಿರ ಹೇಳಿಕೊಳ್ಳೋದು? ಐನ್‌ಮನೆಯಲ್ಲಿ ಎದ್ದ ತಕ್ಷಣ ಬೆಲ್ಲದ ಕಾಫಿ, ಆಮೇಲೆ ಬಿಸಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಕುಂಬಳಕಾಯಿ ಕರಿ. ಮರುದಿನ ಅಕ್ಕಿ ತರಿಗೆ ಕಾಯಿತುರಿ, ಹಾಲು ಹಾಕಿ ಹಬೆಯಲ್ಲಿ ಬೇಯಿಸಿದ ಪಾಪುಟ್ಟು. ನಾವು ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ತಿನ್ನಲ್ಲ ಅಂತ ಮೊದಲೇ ಹೇಳಿದ್ದಕ್ಕೆ ರಾತ್ರಿ ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆ ಎಳೆ ಬಿದಿರಿನ ಕಳಲೆ ಕರಿ ಮಾಡಿದ್ದರು, ಮಳೆಗಾಲ ನೋಡಿ, ಕಳಲೆಗೆ ಅದೇ ಕಾಲ.

ಹಳೇ ಮನೆ ಅಂತ ದುಡ್ಡು ಕೊಟ್ಟು ಹೋಗೋದು ಅದರ ಕತೆ ಕೇಳೋಕೂ ಅಲ್ವಾ? 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು, ಆಮೇಲೆ ಅವರ ಕಾಫಿ ತೋಟ, ಬಂಗಲೆ ಎಲ್ಲ ಬಂದವು. ಅಷ್ಟು ನನಗೂ ಗೊತ್ತು. ಈ ಬಂಗಲೆ ಯಾರು ಕಟ್ಟಿಸಿದ್ದು ಅಂದರೆ ಮ್ಯಾನೇಜರ್ ‘ತುಂಬಾ ಹಳೇದು ಸಾರ್’ ಅಂದು ಸುಮ್ಮನಾದರು. ಐನ್‌ಮನೆ ಆಂಟಿ ಸಂಜೆ ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ, ದೀಪ ಹಚ್ಚಿ ಬಂದು, ಇದು ನಮ್ಮೊಬ್ಬರದಲ್ಲ, ಇಡೀ ಒಕ್ಕದ (ಮನೆತನದ) ಮನೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಇಲ್ಲೇ ಸೇರ್ತೀವಿ ಅಂತ ಶುರುಮಾಡಿದವರು ಊಟದವರೆಗೂ ನಿಲ್ಲಿಸಲಿಲ್ಲ. ಅಮ್ಮ ಕಯ್ಯಾಲೆಯಲ್ಲಿ (ಮುಂದಿನ ಜಗಲಿ) ಕಂಬಗಳ ನಡುವಿನ ಐಮರ ಅನ್ನೋ ಮರದ ಹಲಗೆಯ ಮೇಲೆ ಕಾಲು ಮಡಚಿ ಕೂತು ಎಲ್ಲ ಕೇಳಿದಳು. ಮಂಡಿ ನೋವು ಆಗ ನೆನಪಾಗಲಿಲ್ಲ ಅನ್ನಿಸುತ್ತೆ. ಹಳೇ ಕಟ್ಟಡ ಇಷ್ಟವಾದರೆ ಕೊಡಗಿನ ರಾಜರ ನಾಲ್ಕುನಾಡು ಅರಮನೆಯೂ ಅಲ್ಲೇ ಹತ್ತಿರ, 1790ರ ದಶಕದ್ದು.

ಮಂಡಿ ಗಟ್ಟಿಯಿದ್ದರೆ ಐನ್‌ಮನೆ. ಸುಮ್ನೆ ಮಲಗಿ ಪುಸ್ತಕ ಓದೋಕೆ ಬಂಗಲೆ. ಜಿಗಣೆ ವಿಷಯದಲ್ಲಿ ಮಾತ್ರ ಎರಡೂ ಸಮ, ಉಪ್ಪಿನ ಪೊಟ್ಟಣ ಜೇಬಲ್ಲಿರಲಿ.