ಸ್ಪ್ಯಾನಿಷ್ ಹೋಂವರ್ಕ್ ಪುಕ್ಕಟೆ ಸಿಗುತ್ತದೆ, ಆದರೆ ಬಂದ ಹಾಗೇ ಹಂಚಬೇಡಿ

ಅಮೆರಿಕದ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಪಠ್ಯಪುಸ್ತಕದ ಜೊತೆ ಹೋಂವರ್ಕ್‌ಗೆಂದೇ ಒಂದು ಕೋಡ್ ಮಾರುತ್ತಾರೆ. ಅವಧಿ ಮುಗಿದರೆ ಕೋಡ್ ಕೆಲಸಕ್ಕೆ ಬಾರದು. ಸೀನಿಯರ್ ಆದವರು ಜೂನಿಯರ್‌ಗೆ ಪುಸ್ತಕ ದಾಟಿಸಬಹುದು, ಅಭ್ಯಾಸ ದಾಟಿಸಲಾಗದು. ಹಾಗಾಗಿ ಅಲ್ಲಿಯ ಅಧ್ಯಾಪಕರೇ ಕೂಡಿ ಅಭ್ಯಾಸಗಳನ್ನು ಬರೆದು ಯಾರು ಬೇಕಾದರೂ ಬಳಸಲಿ ಎಂದು ಬಿಡತೊಡಗಿದರು. ಕಾನ್ಸಾಸ್ ವಿಶ್ವವಿದ್ಯಾಲಯದ ‘ಆಕ್ಸೆಸೊ’ ಇಂಥದ್ದು. ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ 2010ರಲ್ಲಿ ಮುಕ್ತ ಭಾಷಾ ಪಾಠಗಳಿಗೆಂದೇ ಒಂದು ಕೇಂದ್ರ ಶುರುವಾಯಿತು.

ಇಂಥ ಅಭ್ಯಾಸಗಳನ್ನು ಹುಬ್ಬಳ್ಳಿ-ಧಾರವಾಡದ ತರಗತಿಗೆ ಒಗ್ಗಿಸಲು ಸಿಗುವ ಪುಕ್ಕಟೆ ಸಾಧನ ಎಚ್5ಪಿ. ಅದರ ಕಡತಗಳನ್ನು ಕಂಪ್ಯೂಟರಿನಲ್ಲೇ ತೆರೆದು ತಿದ್ದುವ ಆ್ಯಪ್ ‘ಲುಮಿ’. ಇವೆರಡರ ವಿಮರ್ಶೆ ಇದು. ಎಚ್5ಪಿ ನಾರ್ವೆಯಲ್ಲಿ ಹುಟ್ಟಿದ್ದು. ಲುಮಿ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮೊದಲ ಸಲ ಅಭ್ಯಾಸದ ಬಗೆಗಳನ್ನು ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಆಮೇಲೆ ಬೇಡ.

ಎಚ್5ಪಿಯ ದೊಡ್ಡ ಗುಣ ‘ರೀಯೂಸ್’ ಬಟನ್. ಬರೆದವರು ಅದನ್ನು ತೆರೆದಿಟ್ಟಿದ್ದರೆ ಅಭ್ಯಾಸವನ್ನು ಪೂರ್ತಿ ಇಳಿಸಿಕೊಂಡು ಒಳಗಿನ ವಾಕ್ಯ ಬದಲಿಸಬಹುದು. ಬಿಟ್ಟ ಸ್ಥಳ ತುಂಬಿಸುವ ಬಗೆಯಲ್ಲಿ ಉತ್ತರದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಇಟ್ಟರೆ ಅದೇ ಖಾಲಿ ಜಾಗವಾಗುತ್ತದೆ. ಎರಡು ಉತ್ತರ ಸರಿಯಿದ್ದರೆ ನಡುವೆ ಓರೆಗೆರೆ, ಸುಳಿವು ಕೊಡಬೇಕಾದರೆ ಉತ್ತರ ಆದಮೇಲೆ ಕೋಲನ್ ಹಾಕಿ ಸುಳಿವು. ಇಷ್ಟೇ ವಿದ್ಯೆ, ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತದೆ. ತೊಂದರೆ ಬರುವುದೂ ಈ ಚಿಹ್ನೆಗಳಿಂದಲೇ. ಸಮಯದ ಪಾಠದಲ್ಲಿ 3:30 ಎಂದು ಉತ್ತರ ಬರೆದರೆ 3 ಮಾತ್ರ ಉತ್ತರ, 30 ಸುಳಿವು! ಸಮಯವನ್ನು ಅಕ್ಷರದಲ್ಲೇ ಬರೆಸಿ. ಗಂಡು-ಹೆಣ್ಣು ರೂಪ ಒಟ್ಟಿಗೆ ತೋರಿಸಲು ‘ಅಮೀಗೊ’ ಮುಂದೆ ಓರೆಗೆರೆ ಹಾಕಿ ಬರೀ ‘ಆ’ ಇಟ್ಟರೆ, ವಿದ್ಯಾರ್ಥಿ ‘ಆ’ ಒಂದನ್ನೇ ಒತ್ತಿದರೂ ಅಂಕ ಬೀಳುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಸಣ್ಣ ಕಾಗುಣಿತ ತಪ್ಪನ್ನು ಒಪ್ಪಿಕೊಳ್ಳುವ ಸೆಟ್ಟಿಂಗ್. ಅದು ಆನ್ ಇದ್ದರೆ 3ರಿಂದ 9 ಅಕ್ಷರದ ಉತ್ತರದಲ್ಲಿ 1 ತಪ್ಪು, ಅದಕ್ಕೂ ಉದ್ದದ ಉತ್ತರದಲ್ಲಿ 2 ತಪ್ಪು ಮಾಫಿ. ಕೇಳಲು ಉದಾರವಾಗಿದೆ, ಸ್ಪ್ಯಾನಿಷ್‌ಗೆ ಮಾತ್ರ ಮಾರಕ. ‘ಆಬ್ಲೊ’ ಎಂದರೆ ಮಾತಾಡುತ್ತೇನೆ. ಕೊನೆಯ ‘ಓ’ ಮೇಲೆ ಒಂದು ಗೀಟು ಬಿದ್ದರೆ ‘ಆಬ್ಲೋ’, ಅವನು ಮಾತಾಡಿದ. ‘ಆಬ್ಲಾ’ ಎಂದರೆ ಮಾತಾಡುತ್ತಾನೆ. ಮೂರರ ನಡುವಿನ ವ್ಯತ್ಯಾಸ ಒಂದೊಂದೇ ಅಕ್ಷರ. ಯಾವುದನ್ನು ಕಲಿಸಲು ಅಭ್ಯಾಸ ಬರೆದಿದೆಯೋ ಅದನ್ನೇ ಸಾಫ್ಟ್‌ವೇರ್ ಕಣ್ಣುಮುಚ್ಚಿ ದಾಟಿಸುತ್ತದೆ. ‘ಆನ್ಯೊ’ ಅಂದರೆ ವರ್ಷ. ‘ಎನ್’ ಮೇಲಿನ ಅಲೆಗೆರೆ ಬಿಟ್ಟರೆ ದೇಹದ ಮುಜುಗರದ ಭಾಗದ ಹೆಸರು. ಕ್ರಿಯಾಪದದ ಅಭ್ಯಾಸದಲ್ಲಿ ಈ ಸೆಟ್ಟಿಂಗ್ ಕಡ್ಡಾಯವಾಗಿ ಆಫ್ ಇರಲಿ.

ಆಫ್ ಮಾಡಿದ ಮೇಲೆ ಗೀಟು ಒತ್ತುವುದು ಹೇಗೆಂದು ವಿದ್ಯಾರ್ಥಿಗೆ ಹೇಳಿಕೊಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಫೋನಿನಲ್ಲಿ ಅಕ್ಷರವನ್ನು ಒತ್ತಿ ಹಿಡಿದರೆ ಸಾಕು. ನಂಬರ್ ಪ್ಯಾಡ್ ಇರುವ ವಿಂಡೋಸ್ ಕಂಪ್ಯೂಟರಿನಲ್ಲಿ ಆಲ್ಟ್ ಹಿಡಿದು 160, 130, 161, 162, 163 ಒತ್ತಿದರೆ ಗೀಟಿನ ಎ, ಇ, ಐ, ಓ, ಯು ಕ್ರಮವಾಗಿ ಬರುತ್ತವೆ. 164ಕ್ಕೆ ಅಲೆಗೆರೆಯ ಎನ್, 168ಕ್ಕೆ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ. ಈ ಸಾಲನ್ನು ಪ್ರತಿ ಅಭ್ಯಾಸದ ತಲೆಯಲ್ಲೇ ಹಾಕಿಡಿ.

ಇನ್ನು ಪಾಠದ ಒಳಗಿನ ವಿವರಣೆ. ಅಲ್ಲಿ ಬರೆದವರ ಎದುರಿಗಿರುವುದು ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿ. ‘ಗುಸ್ತಾರ್’ ಕ್ರಿಯಾಪದ ಅವರಿಗೆ ತಲೆಕೆಳಗು, ಅದಕ್ಕೇ ಪುಟಗಟ್ಟಲೆ ವಿವರಣೆ. ಧಾರವಾಡದ ಹುಡುಗಿಗೆ ಒಂದೇ ಸಾಲು ಸಾಕು: ‘ನನಗ ಚಹಾ ಸೇರ್ತದ’, ಮೆ ಗುಸ್ತಾ ಎಲ್ ತೆ. ಸೇರುವುದು ಚಹಾ, ನಾನಲ್ಲ. ಬಹುವಚನವೂ ಹಾಗೇ ನಡೆಯುತ್ತದೆ: ‘ನನಗ ಮಾವಿನಹಣ್ಣು ಸೇರ್ತಾವ’, ಮೆ ಗುಸ್ತಾನ್ ಲೋಸ್ ಮಾಂಗೋಸ್. ‘ಸೇರ್ತದ’ ‘ಸೇರ್ತಾವ’ ಆಗುವಲ್ಲೇ ‘ಗುಸ್ತಾ’ ‘ಗುಸ್ತಾನ್’ ಆಗುತ್ತದೆ. ಪುಸ್ತಕದ ಕನ್ನಡದ ‘ಇಷ್ಟ’ ಎಂಬ ಪದಕ್ಕೂ ಈ ಅನುಕೂಲವಿಲ್ಲ. ಈ ಭಾಗದ ಮಾತಿನಲ್ಲೇ ವಿವರಣೆ ಬರೆಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

‘ಇರು’ ಎಂಬ ಅರ್ಥದ ‘ಸೆರ್’, ‘ಎಸ್ತಾರ್’ ಎಂಬ ಎರಡು ಕ್ರಿಯಾಪದಗಳಲ್ಲಿ ಕನ್ನಡ ಅರ್ಧ ದಾರಿ ಕೈಹಿಡಿಯುತ್ತದೆ. ‘ಅಂವ ಡಾಕ್ಟರ’, ಕ್ರಿಯಾಪದವೇ ಇಲ್ಲ, ಅಲ್ಲಿ ಸೆರ್. ‘ಅಂವ ಮನ್ಯಾಗ ಅದಾನ’, ಅಲ್ಲಿ ಎಸ್ತಾರ್. ಆದರೆ ‘ಅಂವ ಎತ್ತರ ಅದಾನ’ ಎಂದು ಯೋಚಿಸಿದವರು ಎಸ್ತಾರ್ ಬರೆದು ಬೀಳುತ್ತಾರೆ. ಅದು ಎಸ್ ಆಲ್ತೊ, ಅಂದರೆ ಸೆರ್. ‘ಮದುವಿ ಹುಬ್ಬಳ್ಳ್ಯಾಗ ಅದ’ ಎಂಬಲ್ಲೂ ಸೆರ್ ಬೇಕು, ಏಕೆಂದರೆ ಕಾರ್ಯಕ್ರಮ ನಡೆಯುವ ಜಾಗಕ್ಕೆ ಎಸ್ತಾರ್ ಬರುವುದಿಲ್ಲ. ಇಳಿಸಿಕೊಂಡ ಅಭ್ಯಾಸಕ್ಕೆ ಈ ಎರಡು ಬಗೆಯ ವಾಕ್ಯಗಳನ್ನು ನಾಲ್ಕಾರು ಸೇರಿಸಿ, ಕನ್ನಡಿಗರು ಎಡವುವ ಜಾಗಗಳು ಇವೇ. ವಸ್ತುಗಳಿಗೆ ಲಿಂಗ ಹಚ್ಚುವುದು ಇನ್ನೊಂದು, ಅದಕ್ಕೆ ಕನ್ನಡ ಏನೂ ನೆರವಾಗದು, ಬಾಯಿಪಾಠವೇ ಗತಿ.

ಎಲ್ಲರಿಗೂ ಎಟುಕುವಂತಿದೆಯೇ ಎಂಬ ಪ್ರಶ್ನೆಗೆ ಉತ್ತರ ಮಿಶ್ರ. ಚಿತ್ರದ ಮೇಲೆ ಸರಿಯಾದ ಜಾಗ ಒತ್ತುವ ಬಗೆ ಕಣ್ಣು ಕಾಣದವರಿಗೆ ಪ್ರಯೋಜನವಿಲ್ಲ. ಬಿಟ್ಟ ಸ್ಥಳ, ಬಹುಆಯ್ಕೆ ಇವೆರಡೂ ಕೀಬೋರ್ಡಿನಿಂದಲೇ ನಡೆಯುತ್ತವೆ. ಎನ್‌ವಿಡಿಎ ಎಂಬ ಪುಕ್ಕಟೆ ಸ್ಕ್ರೀನ್ ರೀಡರ್ ಬಳಸುವವರಿಗೆ ಅಡ್ಡಿ ಬೇರೆಯದು. ಸ್ಪ್ಯಾನಿಷ್ ಸಾಲಿಗೆ ಸ್ಪ್ಯಾನಿಷ್ ಎಂಬ ಗುರುತು ಹಚ್ಚಿರದಿದ್ದರೆ ಅದು ಇಂಗ್ಲಿಷ್ ದನಿಯಲ್ಲೇ ಓದಿ ‘ಹುಗೊ’ವನ್ನು ‘ಜ್ಯೂಗೊ’ ಮಾಡುತ್ತದೆ. ಜೊತೆಗೆ ಕೊಡುವ ವರ್ಡ್ ಹಾಳೆಯಲ್ಲಿ ಸ್ಪ್ಯಾನಿಷ್ ಸಾಲು ಆಯ್ದುಕೊಂಡು ರಿವ್ಯೂ, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್ ಮೂಲಕ ಭಾಷೆ ಗುರುತಿಸಿ. ಪುಲ್ಲಿಂಗ ನೀಲಿ, ಸ್ತ್ರೀಲಿಂಗ ಕೆಂಪು ಎಂದು ಬರೀ ಬಣ್ಣದಿಂದ ತೋರಿಸಬೇಡಿ, ಪಕ್ಕದಲ್ಲಿ ಅಕ್ಷರವೂ ಇರಲಿ. ಉಚ್ಚಾರಣೆ ಕೇಳಿ ಅಂಕ ಕೊಡುವ ಬಗೆಗೆ ಕ್ರೋಮ್, ಮೈಕ್, ಇಂಟರ್‌ನೆಟ್ ಮೂರೂ ಬೇಕು. ಹೋಂವರ್ಕ್‌ಗೆ ಅದನ್ನು ನಂಬಿ ಕೂರಬಾರದು.

ಅಭ್ಯಾಸದ ಜೊತೆಗಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಓದದೆ ಮುಂದೆ ಹೋಗಬೇಡಿ. ‘ಎನ್‌ಡಿ’ ಎಂದಿದ್ದರೆ ತಿದ್ದಿದ್ದನ್ನು ಹಂಚುವಂತಿಲ್ಲ. ‘ಎನ್‌ಸಿ’ ಎಂದಿದ್ದರೆ ವಾಣಿಜ್ಯ ಬಳಕೆ ಇಲ್ಲ, ಫೀ ಪಡೆಯುವ ಕೋಚಿಂಗ್‌ನವರು ದೂರವಿರುವುದು ಕ್ಷೇಮ. ‘ಎಸ್‌ಎ’ ಇದ್ದರೆ ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು.

ನಾಲ್ಕೈದು ಅಧ್ಯಾಪಕರು ಕೂಡಿ ಮಾಡುವಾಗ ಒಂದು ಕಡತಕ್ಕೆ ಒಬ್ಬರೇ ವಾರಸುದಾರರಿರಲಿ. ಇಬ್ಬರು ಬೇರೆಬೇರೆಯಾಗಿ ತಿದ್ದಿದರೆ ಎರಡನ್ನೂ ಕೂಡಿಸಲು ದಾರಿಯಿಲ್ಲ, ಒಬ್ಬರ ಕೆಲಸ ಹೋದಂತೆಯೇ. ಬರೆದವರ ಹೊರತಾಗಿ ಇನ್ನೊಬ್ಬರು ಫೋನಿನಲ್ಲಿ ಬೇಕೆಂದೇ ತಪ್ಪು ಉತ್ತರ ಒತ್ತಿ ನೋಡಲಿ.

ಹಂಚುವಾಗ ಎಚ್5ಪಿ ಕಡತವನ್ನೇ ವಾಟ್ಸಾಪಿಗೆ ಹಾಕಿದರೆ ವಿದ್ಯಾರ್ಥಿಯ ಫೋನಿನಲ್ಲಿ ತೆರೆಯುವುದಿಲ್ಲ. ಲುಮಿಯಿಂದ ಒಂದೇ ಎಚ್‌ಟಿಎಂಎಲ್ ಕಡತವಾಗಿ ಹೊರತೆಗೆದು ಕಳಿಸಿ, ಕ್ರೋಮ್‌ನಲ್ಲೇ ತೆರೆಯಲು ಹೇಳಿ. ಪುಟ ಮುಚ್ಚಿದರೆ ಬರೆದ ಉತ್ತರ ಉಳಿಯುವುದಿಲ್ಲ, ಹಾಗಾಗಿ ಒಂದು ಕಡತಕ್ಕೆ 10-12 ಖಾಲಿ ಜಾಗ ಮಿತಿ. ಚಿಗರಿ ಬಸ್ಸು ಜುಬಿಲಿ ಸರ್ಕಲ್ ಬಿಟ್ಟು ನವನಗರ ಮುಟ್ಟುವುದರೊಳಗೆ ಮುಗಿಯುವಷ್ಟು. ಅಂಕ ತಾನಾಗಿ ಅಧ್ಯಾಪಕರ ಪಟ್ಟಿಗೆ ಸೇರಬೇಕೆಂದರೆ ಕಾಲೇಜಿನಲ್ಲಿ ಆನ್‌ಲೈನ್ ಪಾಠ, ಅಂಕ ನೋಡಿಕೊಳ್ಳುವ ‘ಮೂಡಲ್’ ಸಾಫ್ಟ್‌ವೇರ್‌ನ 3.9 ಅಥವಾ ಅದರ ನಂತರದ ಆವೃತ್ತಿ ಇರಬೇಕು. ಇಲ್ಲದ ಕಡೆ ಕೊನೆಯ ಪರದೆಯ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ.