ಸಾವಿರ ಮುಖದ ಬೀಸಣಿಗೆ ಅಂತ 240 ಪೌಂಡ್ ಕಳೆದುಕೊಂಡೆ, ನೀವು ಹುಷಾರಾಗಿರಿ

ಹಳೇ ಬೀಸಣಿಗೆ ಕೊಳ್ಳುವವರು ದಯವಿಟ್ಟು ಪೂರ್ತಿ ಓದಿ. ಮೂರು ವಾರದಿಂದ ಮನೆಯವರಿಗೂ ಹೇಳಿಲ್ಲ, ಅಷ್ಟು ನಾಚಿಕೆ. ಆದರೆ ನನಗೆ ಮಾರಿದ ಅದೇ ಮನುಷ್ಯ ಇವತ್ತು ಇನ್ನೊಂದನ್ನು ಮಾರಾಟಕ್ಕೆ ಇಟ್ಟಿದ್ದಾನೆ, ಇನ್ನು ಸುಮ್ನಿರೋಕೆ ಆಗಲ್ಲ.

ನಾನಿರುವುದು ಲಂಡನ್‌ನಲ್ಲಿ. ಗ್ರೀನಿಚ್‌ನ ಬೀಸಣಿಗೆ ಮ್ಯೂಸಿಯಂ ನೋಡಿದಾಗಿನಿಂದ ಈ ಹುಚ್ಚು ಹಿಡಿದಿದೆ. ಅದರಲ್ಲೂ ಕ್ಯಾಂಟನ್‌ನಲ್ಲಿ, ಅಂದರೆ ಈಗಿನ ಗುವಾಂಗ್‌ಝೌನಲ್ಲಿ, 19ನೇ ಶತಮಾನದಲ್ಲಿ ಪಶ್ಚಿಮದ ದೇಶಗಳಿಗೆಂದೇ ಮಾಡುತ್ತಿದ್ದ ಮ್ಯಾಂಡರಿನ್ ಬೀಸಣಿಗೆ. ಹಾಳೆ ತುಂಬ ಜನವೋ ಜನ. ಒಬ್ಬೊಬ್ಬರ ಮುಖವೂ ದಂತದ ಸಣ್ಣ ಚೂರು, ಅದರ ಮೇಲೆ ಕಣ್ಣು ಮೂಗು ಬರೆದು ಅಂಟಿಸಿರುತ್ತಾರೆ. ಬಟ್ಟೆಗೆ ನಿಜವಾದ ರೇಷ್ಮೆ ತುಂಡು. ಸಾವಿರ ಮುಖದ್ದು ಅಂತಲೇ ಅದನ್ನು ಕರೆಯುತ್ತಾರೆ.

ಆನ್‌ಲೈನ್‌ನಲ್ಲಿ ಒಂದು ಕಂಡಿತು. ಫೋಟೋ ದೂರದಿಂದ ತೆಗೆದದ್ದು, ಹಸಿರು ಮೇಜುಬಟ್ಟೆಯ ಮೇಲೆ. ಫೋನ್ ಮಾಡಿ ಕೇಳಿದೆ, ಮುಖಗಳು ದಂತದ್ದೇನಾ? "ಹೌದು, 1850ರ ಸುಮಾರಿನದು, ನಮ್ಮಜ್ಜಿಯದು" ಅಂದ. ಇಂಥದ್ದರ ಜೊತೆ ಬರುವ ಅರಗಿನ ಪೆಟ್ಟಿಗೆ ಎಲ್ಲಿ ಅಂದರೆ ಕಳೆದುಹೋಯಿತು ಅಂದ. ನಂಬಿದೆ. ಅಜ್ಜಿಯ ಹೆಸರು ಹೇಳಿದರೆ ಯಾರು ನಂಬಲ್ಲ ಹೇಳಿ?

ಬಂತು. ಬಿಚ್ಚಿದೆ. ಮುಖಗಳ ಮೇಲೆ ಬೆರಳಾಡಿಸಿದೆ, ಏನೂ ತಾಗಲಿಲ್ಲ. ಹಾಳೆ ಪೂರ್ತಿ ನುಣ್ಣಗೆ. ಅಂಟಿಸಿದ ಚೂರು ಬೆರಳಿಗೆ ಸ್ವಲ್ಪವಾದರೂ ತಡೆಯಬೇಕು ಅಲ್ವಾ? ಫೋನ್ ಕ್ಯಾಮೆರಾ ಹತ್ತಿರ ಹಿಡಿದು ಜೂಮ್ ಮಾಡಿದರೆ ಮುಖದ ತುಂಬ ಕೆಂಪು, ಹಳದಿ, ನೀಲಿ ಚುಕ್ಕಿ. ಕ್ಯಾಲೆಂಡರ್‌ನಲ್ಲಿ ಇರುತ್ತಲ್ಲ, ಅದೇ ಮುದ್ರಣದ ಚುಕ್ಕಿ! 1850ರಲ್ಲಿ ಆ ಥರ ಮುದ್ರಣವೇ ಇರಲಿಲ್ಲ. ಕಡ್ಡಿಗಳ ಅಂಚಿನಲ್ಲಿ ಅಚ್ಚಿನ ಗೆರೆ, ಶುದ್ಧ ಪ್ಲಾಸ್ಟಿಕ್. ಕೈ ನಡುಗಿತು, ಹಾಗೇ ಕುರ್ಚಿಯಲ್ಲಿ ಕೂತುಬಿಟ್ಟೆ.

ಮೆಸೇಜ್ ಹಾಕಿದೆ. ಉತ್ತರ ನೋಡಿ: "ಕ್ಯಾಂಟನ್ ಶೈಲಿ ಅಂತ ಬರೆದಿದ್ದೆನಲ್ಲ, ಓದಲಿಲ್ಲವೇ?" ಹೋಗಿ ನೋಡಿದರೆ ಕೊನೆಯ ಸಾಲಿನಲ್ಲಿ ಇದೆ, "ಶೈಲಿ" ಅಂತ. ಆ ಒಂದು ಪದ. ಫೋನಿನಲ್ಲಿ ದಂತ ಅಂದಿದ್ದಿರಲ್ಲ ಅಂದೆ. "ದಂತ ಮಾರುವುದು ಕಾನೂನಿಗೆ ವಿರುದ್ಧ, ನಾನು ಹಾಗೆ ಹೇಳೋಕೆ ಸಾಧ್ಯವೇ ಇಲ್ಲ." ನನಗೇ ಕಾನೂನು ಪಾಠ! ದುಡ್ಡು ವಾಪಸ್ ಕೇಳಿದೆ. "ಇಷ್ಟವಾಗದಿದ್ದರೆ ನೀವೂ ಮಾರಿಬಿಡಿ, ಕೊಳ್ಳುವವರು ಇರುತ್ತಾರೆ." ಆಮೇಲೆ ಬ್ಲಾಕ್.

ಫೋನ್ ಮಾತು ನಂಬಬೇಡಿ, ಎಲ್ಲವನ್ನೂ ಬರೆಸಿಕೊಳ್ಳಿ. ಒಂದು ಮುಖದ ಹತ್ತಿರದ ಫೋಟೋ ಕೇಳಿ, ಕೊಡಲ್ಲ ಅಂದರೆ ಬಿಟ್ಟುಬಿಡಿ. ಬ್ರಿಟನ್‌ನಲ್ಲಿ 2022ರ ಜೂನ್ 6ರಿಂದ ದಂತದ ಕಾನೂನು ಬಿಗಿಯಾಗಿದೆ. ಇಂಥ ಬೀಸಣಿಗೆ 1947ಕ್ಕಿಂತ ಹಳೆಯದಾಗಿ, ದಂತ ಶೇ. 10ಕ್ಕಿಂತ ಕಡಿಮೆ ಇದ್ದರೂ ನೋಂದಣಿ ಮಾಡಿಸಿಯೇ ಮಾರಬೇಕು. ಆ ನಂಬರ್ ಕೇಳಿ. ನಾನು ಕೇಳಲಿಲ್ಲ, ಕೇಳಿದ್ದರೆ ಅಲ್ಲೇ ಬಾಯಿ ಮುಚ್ಚುತ್ತಿದ್ದ.

ಇವತ್ತು ಇಟ್ಟಿರುವುದಕ್ಕೆ ಜಪಾನಿನದು ಅಂತ ಹೆಸರು. ಅದೇ ಹಸಿರು ಮೇಜುಬಟ್ಟೆ, ಅದೇ ದೂರದ ಫೋಟೋ. ಕೆಳಗೆ ಆಗಲೇ ಇಬ್ಬರು ಬೆಲೆ ಕೇಳಿದ್ದಾರೆ.