ಶೆಡ್ಡಿಗೆ ಮುಚ್ಚಳದ ಡಬ್ಬಿಯೋ, ತರಕಾರಿ ಕ್ರೇಟೋ?

ಉಡುಪಿಯ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕಾರೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು. ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಅರ್ಧಕ್ಕರ್ಧ ಗುಜರಿಗೆ ಹಾಕಿದೆ. ಹಳೆಯ ಬ್ಯಾಟರಿಯನ್ನು ಮಾತ್ರ ಹೊಸದು ಕೊಳ್ಳುವಾಗ ಅಂಗಡಿಗೇ ಕೊಟ್ಟೆ; ಬೆಲೆಯಲ್ಲಿ ಒಂದಿಷ್ಟು ಮುರಿದುಕೊಂಡರು. ಎಡವಿದ್ದು ಉಳಿದದ್ದನ್ನು ಎಲ್ಲಿಡುವುದು ಎಂಬಲ್ಲಿ. ಎರಡು ಮಳೆಗಾಲ ಕಳೆದ ಮೇಲೆ ನನ್ನ ಮತ ತೂತುತೂತಿನ ತರಕಾರಿ ಕ್ರೇಟಿಗೆ.

ಮೊದಲು ತಂದದ್ದು ಐದು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. "ಗಾಳಿಯೂ ಆಡುವುದಿಲ್ಲ ಸರ್" ಎಂದು ಅಂಗಡಿಯವನು ಹೊಗಳಿದ್ದ. ಅದೇ ಮುಳುವಾಯಿತು. ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ನಾಲ್ಕನ್ನು ತುಂಬಿ ಮುಚ್ಚಿದೆ. ದೀಪಾವಳಿಗೆ ಗೂಡುದೀಪ ತೆಗೆಯಲು ಹೋದರೆ ಮುಚ್ಚಳದ ಒಳಮೈಯಲ್ಲಿ ನೀರಿನ ಹನಿ. ಗೂಡುದೀಪದ ಕೆಂಪು ಕಾಗದಕ್ಕೆ ಹಸಿರು ಬೂಷ್ಟು. ಅದೂ ಬಿದಿರಿನ ಕಡ್ಡಿಗುಂಟ ಗೆರೆ ಎಳೆದ ಹಾಗೆ, ಮೈದಾ ಅಂಟು ಹಚ್ಚಿದಲ್ಲೆಲ್ಲ. ತುಂಬುವಾಗಲೇ ಒಳಗೆ ಸೇರಿದ್ದ ತೇವಕ್ಕೆ ಹೊರಬೀಳಲು ದಾರಿಯೇ ಇರಲಿಲ್ಲ.

ಮರುವರ್ಷ ಹಟಕ್ಕೆ ಬಿದ್ದು ಒಂದು ಡಬ್ಬಿಯಲ್ಲಿ ಚಿಪ್ಪಿನ ಸುಣ್ಣವನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟೆ. ಸುಣ್ಣ ತೇವ ಹೀರಿತು, ಸುಳ್ಳಲ್ಲ. ಆದರೆ ಅರಳಿ ಉಬ್ಬಿ, ಗಂಟು ಹರಿದು, ಚರ್ಮದ ಬೂಟುಗಳ ಮೇಲೆಲ್ಲ ಬಿಳಿ ಹಿಟ್ಟು ಚೆಲ್ಲಿತು. ಮಗಳು ನಕ್ಕದ್ದು ಬೇರೆ.

ಕಬ್ಬಿಣದ ಆಂಗಲ್ ರ‍್ಯಾಕ್: ಭಾರ ತಡೆಯುತ್ತದೆ, ಆದರೆ ಕಾಲಿನ ಬುಡ ಒಂದೇ ಮಳೆಗಾಲಕ್ಕೆ ತುಕ್ಕು. ಮರದ ಹಲಗೆ: ಒರಲೆಗೆ ಊಟ.

ಕ್ರೇಟುಗಳನ್ನು ತರಕಾರಿ ವ್ಯಾಪಾರಿಯಿಂದ ಹಳೆಯವೇ ಕೊಂಡೆ. ಅಡಿಯಲ್ಲಿ ಎರಡೆರಡು ಕೆಂಪುಕಲ್ಲು ಇಟ್ಟು, ಗೋಡೆಯಿಂದ ಗೇಣು ದೂರದಲ್ಲಿ ಒಂದರ ಮೇಲೊಂದು ಪೇರಿಸಿದ್ದೇನೆ. ಧೂಳು ಕೂರುತ್ತದೆ, ಹಲ್ಲಿ ಹಿಕ್ಕೆ ಹಾಕುತ್ತದೆ, ಮೊಳೆ–ಸ್ಕ್ರೂ ಸೋರುತ್ತವೆ. ಅವಕ್ಕೆ ಬಿಸ್ಕತ್ತಿನ ಡಬ್ಬಿ ಸಾಕು. (ಮಲ್ಪೆಯಿಂದ ಅಗ್ಗಕ್ಕೆ ತಂದ ಒಂದು ಮೀನಿನ ಕ್ರೇಟಿನ ವಾಸನೆ ಮಾತ್ರ ಮೂರು ಸಲ ತೊಳೆದರೂ ಹೋಗಲಿಲ್ಲ.) ಬಿಸಿಲು ಕಂಡಾಗಲೆಲ್ಲ ಸಾಮಾನು ಹೊರಗೆ ಹರಡುವ ಶ್ರದ್ಧೆ ನಿಮಗಿದ್ದರೆ ಮುಚ್ಚಳದ ಡಬ್ಬಿಯೂ ಆದೀತು. ನನಗಿಲ್ಲ. ಮೇಲಾಗಿ ಒಂದು ಡಬ್ಬಿಯ ದುಡ್ಡಿಗೆ ನನಗೆ ಮೂರು ಕ್ರೇಟು ಬಂದವು.

ಬಳಸದೆ ಉಳಿದಿದ್ದ ಐದನೆಯ ಡಬ್ಬಿಯಲ್ಲಿ ಅಮ್ಮ ಏಪ್ರಿಲ್ ಬಿಸಿಲಿಗೆ ಒಣಗಿಸಿದ ಹಲಸಿನ ಹಪ್ಪಳ ತುಂಬಿಟ್ಟರು. ಒಂದಕ್ಕೂ ಬೂಷ್ಟು ಹಿಡಿದಿಲ್ಲ.